ದೋಣಿ 1995, ಮೋಟರ್ 1992: ಟೆಕ್ಸಾಸ್‌ನಲ್ಲಿರುವವರು ಸಹಾಯ ಮಾಡಿ
ಎಲ್ಲರಿಗೂ ನಮಸ್ಕಾರ. ಆಸ್ಟಿನ್ ಹತ್ತಿರ ಒಂದು ಹಳೇ ಮೀನು ಹಿಡಿಯುವ ದೋಣಿ ನೋಡಿದ್ದೇವೆ. ಹಿಂದೆ 60 ಎಚ್‌ಪಿ ಜಾನ್ಸನ್ ಕಂಪನಿಯ ಔಟ್‌ಬೋರ್ಡ್ (ದೋಣಿಯ ಹೊರಗಡೆ ಕೂರಿಸುವ ಮೋಟರ್) ಇದೆ. ಮಕ್ಕಳಿಗೆ ತುಂಬಾ ಇಷ್ಟವಾಗಿದೆ, ಬಿಡೋಕೆ ಮನಸ್ಸಿಲ್ಲ.

ತೊಡಕು ಇಷ್ಟೇ. ದೋಣಿಯ ಹಿಂಬದಿ ಬಲಗಡೆ ಕೊರೆದಿರುವ ಹಲ್ ನಂಬರ್ (ದೋಣಿಯ ಗುರುತಿನ ಸಂಖ್ಯೆ) 95 ಅಂತ ಮುಗಿಯುತ್ತದೆ, ಅಂದರೆ 1995ರ ಮಾಡೆಲ್. ಮೋಟರ್‌ನ ಬ್ರಾಕೆಟ್ ಮೇಲಿನ ಪ್ಲೇಟ್ ಉಜ್ಜಿ ನೋಡಿದರೆ ಮಾಡೆಲ್ ನಂಬರಿನಲ್ಲಿ 'ಇಎನ್' ಇದೆ. ಆ ಕಾಲದ ಜಾನ್ಸನ್ ಕೋಡ್‌ನಲ್ಲಿ ಇ ಅಂದರೆ 9, ಎನ್ ಅಂದರೆ 2. ಹಾಗಾಗಿ ಮೋಟರ್ 1992ರದ್ದು.

ವರ್ಷ ಬೇರೆ ಆಗಿದ್ದರೆ ನನಗೇನೂ ಬೇಜಾರಿಲ್ಲ. ಅಂಗಡಿಯಲ್ಲಿ ಉಳಿದ ಮೋಟರನ್ನು ಹೊಸ ದೋಣಿಗೆ ಕೂರಿಸುವುದು, ಆಮೇಲೆ ಬದಲಾಯಿಸುವುದು ಎಲ್ಲಾ ಮಾಮೂಲಿ ಅಲ್ವಾ. ಆದರೆ ಟೆಕ್ಸಾಸ್‌ನಲ್ಲಿ ದೋಣಿಗೆ ಒಂದು, ಮೋಟರಿಗೆ ಇನ್ನೊಂದು ಟೈಟಲ್ (ಮಾಲೀಕತ್ವದ ಪತ್ರ) ಇರುತ್ತದೆ. ಮೋಟರಿನ ಟೈಟಲ್‌ನಲ್ಲೂ 1995 ಅಂತಲೇ ಬರೆದಿದೆ! ಸೀರಿಯಲ್ ನಂಬರ್ ಮಾತ್ರ ಪ್ಲೇಟಿಗೂ ಪೇಪರಿಗೂ ಸರಿಯಾಗಿ ಹೊಂದುತ್ತದೆ. ಎಂಜಿನ್ ಬ್ಲಾಕ್‌ನ ದುಂಡು ಪ್ಲಗ್ ಮೇಲೂ ಅದೇ ನಂಬರ್ ಕಾಣಿಸಿತು. ಹಾಗಾಗಿ ಕದ್ದ ಮೋಟರ್ ಅನ್ನಿಸುವುದಿಲ್ಲ, ಯಾರೋ ದೋಣಿಯ ವರ್ಷವನ್ನೇ ಎರಡೂ ಕಡೆ ತುಂಬಿದ್ದಾರೆ ಅನ್ನಿಸುತ್ತದೆ. ಮಾರುವವರನ್ನು ಕೇಳಿದರೆ, ತಾವು ಕೊಂಡಾಗಲೇ ಹಾಗಿತ್ತು ಅನ್ನುತ್ತಾರೆ.

ಇಲ್ಲಿ ಯಾರಾದರೂ ಇಂಥ ಟೈಟಲ್ ಸರಿ ಮಾಡಿಸಿದ್ದೀರಾ? ದುಡ್ಡು ಕೊಡುವ ಮೊದಲು ಮಾರುವವರೇ ವರ್ಷ ತಿದ್ದಿಸಬೇಕಾ, ಇಲ್ಲಾ ನನ್ನ ಹೆಸರಿಗೆ ವರ್ಗ ಮಾಡಿಸುವಾಗ ಪ್ಲೇಟಿನ ಫೋಟೊ ಕೊಟ್ಟು ನಾನೇ ತಿದ್ದಿಸಬಹುದಾ?