ಕೂಸಿಗೆ ತೊಟ್ಟಿಲು, ಅವ್ವನಿಗೆ ಕುರ್ಚಿ: ಯಾವ ಕಟ್ಟಿಗೆ, ಏನೇನು ಎಚ್ಚರ?

ಪ್ರಶ್ನೆ (ಹುಬ್ಬಳ್ಳಿ): ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬರಲಿದ್ದಾಳೆ. ಹುಟ್ಟುವ ಕೂಸಿಗೆ ತೊಟ್ಟಿಲನ್ನೂ ಮೊಣಕಾಲು ನೋವಿರುವ ಅವ್ವನಿಗೆ ಕುರ್ಚಿಯನ್ನೂ ನಾನೇ ಮಾಡಬೇಕೆಂದಿದ್ದೇನೆ. ರಜೆಯಲ್ಲಿ ಸಣ್ಣಪುಟ್ಟ ಮರಗೆಲಸ ಮಾಡುವ ರೂಢಿಯಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿರಿ.

ಧಾರವಾಡದಿಂದ: ಕಟ್ಟಿಗೆಯ ಜಾತಿಗಿಂತ ಮೊದಲು ಅದು ಎಷ್ಟು ಒಣಗಿದೆ ಎಂಬುದನ್ನು ನೋಡಿರಿ. ಹಸಿ ಹಲಗೆಯನ್ನು ನೆರಳಿನಲ್ಲಿ, ಗಾಳಿಯಾಡುವಂತೆ ನಡುನಡುವೆ ಪಟ್ಟಿಗಳನ್ನಿಟ್ಟು ಪೇರಿಸಿದರೂ, ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕೆಂಬುದು ರೂಢಿಯ ಲೆಕ್ಕ. ಹೆರಿಗೆಯ ದಿನ ಅಷ್ಟು ಕಾಯುವುದಿಲ್ಲ. ಆದ್ದರಿಂದ ಕೆಡವಿದ ಹಳೆಯ ಮಾಳಿಗೆ ಮನೆಗಳ ಸಾಗವಾನಿ ತೊಲೆ, ಜಂತಿ, ಬಾಗಿಲುಗಳನ್ನು ಹುಡುಕುವುದೇ ಲೇಸು. ದಶಕಗಳ ಬೇಸಿಗೆ, ಮಳೆಗಾಲ ಕಂಡ ಆ ಕಟ್ಟಿಗೆಯಲ್ಲಿ ಆಗಬೇಕಾದ ಬಿರುಕು, ಬಾಗು ಬಹುಪಾಲು ಈಗಾಗಲೇ ಆಗಿ ಹೋಗಿರುತ್ತದೆ. ಕೊಯ್ಯುವ ಮುನ್ನ ಒಂದು ಅಯಸ್ಕಾಂತವನ್ನು ಮೈತುಂಬ ಸರಿಸಿ ನೋಡಿರಿ: ಒಳಗೆ ಮುರಿದು ಉಳಿದ ಮೊಳೆ ಗರಗಸದ ಹಲ್ಲನ್ನಷ್ಟೇ ಅಲ್ಲ, ಕಣ್ಣನ್ನೂ ಕೆಡಿಸಬಲ್ಲದು. ಅಂಚಿನ ಬಿಳಿಯ ಭಾಗವನ್ನು ಹುಳು ಬೇಗ ಹಿಡಿಯುವುದರಿಂದ ಅದನ್ನು ತೆಗೆದು ಚೇಗನ್ನಷ್ಟೇ, ಅಂದರೆ ನಡುವಿನ ಗಟ್ಟಿ ಭಾಗವನ್ನಷ್ಟೇ, ಬಳಸಿರಿ.

ಇನ್ನೊಂದು ಮಾತು. ಒಣಗಿದ ಕಟ್ಟಿಗೆಯೂ ನಮ್ಮ ಏಪ್ರಿಲ್ ಬಿಸಿಲಿಗೆ ಕುಗ್ಗಿ ಜುಲೈ ಮಳೆಗೆ ಹಿಗ್ಗುತ್ತದೆ. ಆದರೆ ಉದ್ದಕ್ಕೆ ಅಲ್ಲ, ಅಗಲಕ್ಕೆ. ಕುರ್ಚಿಗೆ ಅಗಲವಾದ ಹಲಗೆಯ ಆಸನ ಹಾಕುವುದಾದರೆ ಅದನ್ನು ಸುತ್ತಲೂ ಅಂಟು ಹಚ್ಚಿ ಬಿಗಿಯಬೇಡಿರಿ. ಸ್ಕ್ರೂ ಕೂಡುವ ರಂಧ್ರಗಳನ್ನು ಅಗಲದ ದಿಕ್ಕಿಗೆ ಸ್ವಲ್ಪ ಉದ್ದವಾಗಿ ಕೊರೆದರೆ ಹಲಗೆ ಸೀಳದೆ ಸರಿದಾಡುತ್ತದೆ.

ಗದಗದಿಂದ: ಅಂಗಡಿಯ ಕುರ್ಚಿಯ ಅಳತೆಯನ್ನು ನಕಲು ಮಾಡದೆ ಅವ್ವನವರನ್ನೇ ಕೂರಿಸಿ ಅಳೆಯಿರಿ. ಆಸನದ ಎತ್ತರ ಸಾಮಾನ್ಯವಾಗಿ 17ರಿಂದ 18 ಇಂಚು ಇರುತ್ತದೆ. ಮೊಣಕಾಲು ನೋವಿದ್ದವರಿಗೆ, ಪಾದ ಪೂರ್ತಿ ನೆಲಕ್ಕೆ ತಾಗುವ ಮಿತಿಯಲ್ಲಿ, ಅದಕ್ಕಿಂತ ತುಸು ಎತ್ತರವಿದ್ದರೆ ಏಳುವುದು ಸುಲಭ. ಕೈಯೂರಿ ಏಳಲು ಆಗುವಂತೆ ತೋಳುಗಳು ಆಸನದ ಮುಂಬದಿಯವರೆಗೂ ಚಾಚಿರಲಿ. ಹಿಂದಿನ ಕಾಲಿಗೆ ಅಡ್ಡಪಟ್ಟಿ ಸೇರುವ ಜಾಗದಲ್ಲಿ ಭಾರವೆಲ್ಲ ಬೀಳುವುದರಿಂದ ಅಲ್ಲಿ ಬರೀ ಸ್ಕ್ರೂ ಸಾಲದು. ಕಾಲಿನಲ್ಲಿ ಉಳಿಯಿಂದ ಗುಳಿ ತೆಗೆದು, ಪಟ್ಟಿಯ ತುದಿಯನ್ನು ಅದರ ದಪ್ಪದ ಮೂರನೇ ಒಂದು ಭಾಗಕ್ಕೆ ಇಳಿಸಿ, ಕೈಯಿಂದ ಒತ್ತಿದರೆ ಬಿಗಿಯಾಗಿ ಕೂರುವಂತೆ ಮಾಡಿ ಅಂಟು ಹಚ್ಚಿರಿ.

ಹಾವೇರಿಯಿಂದ: ತೊಟ್ಟಿಲಿನ ವಿಷಯದಲ್ಲಿ ಚಂದಕ್ಕಿಂತ ಸುರಕ್ಷತೆ ಮುಖ್ಯ. ಸರಳುಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಹೆಚ್ಚಿದರೆ ಕೂಸಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ಅಂಚುಗಳನ್ನೆಲ್ಲ ಉರುಟಾಗಿಸಿ. ಸಾಧ್ಯವಾದರೆ ಕಲಘಟಗಿಗೆ ಒಮ್ಮೆ ಹೋಗಿ, ಅಲ್ಲಿನ ಚಿತ್ರಗಾರರು ಅರಗಿನ ಬಣ್ಣದಲ್ಲಿ ಮಾಡುವ ತೊಟ್ಟಿಲುಗಳನ್ನು ನೋಡಿ ಬನ್ನಿರಿ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಿಲ್ಲವೆಂದು ಬರೆದಿರುವುದನ್ನು ಓದಿಯೇ ಕೊಳ್ಳಿರಿ, ಏಕೆಂದರೆ ಹಲ್ಲು ಬರುವ ಕೂಸು ಅಂಚನ್ನು ಕಚ್ಚದೆ ಬಿಡುವುದಿಲ್ಲ. ಬಣ್ಣದ ಬದಲು ಅಗಸೆ ಎಣ್ಣೆ ಹಚ್ಚುವುದಾದರೆ ಪೂರ್ತಿ ಒಣಗಲು ವಾರಗಟ್ಟಲೆ ಬಿಡಿರಿ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯೇರಿ ಬೆಂಕಿ ಹಿಡಿಯುವುದುಂಟು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿರಿ.