ಮನೆಯಲ್ಲಿ ಉಕ್ರೇನಿನ ಬೋರ್ಶ್ ಮಾಡಿದವರು ದಯವಿಟ್ಟು ಹೇಳಿ: ಬಣ್ಣ ಉಳಿಯುವುದು ಹೇಗೆ, ಹುಳಿ ಯಾವುದು?

ಪ್ರಶ್ನೆ, ದಾವಣಗೆರೆಯಿಂದ

ನನ್ನ ಮಗಳು ಉಕ್ರೇನಿನ ವಿನ್ನಿತ್ಸಿಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದಳು. 2022ರಲ್ಲಿ ಯುದ್ಧ ಶುರುವಾದಾಗ ಗಡಿ ದಾಟಿ ಹೇಗೋ ಮನೆ ಸೇರಿದಳು. ಈಗಲೂ ಊಟದ ಮಾತು ಬಂದರೆ ಅಲ್ಲಿನ ಬೀಟ್‌ರೂಟ್ ಸೂಪು, ಬೋರ್ಶ್, ಅದನ್ನೇ ನೆನೆಯುತ್ತಾಳೆ. ಮುಂದಿನ ವಾರ ಅವಳ ಹುಟ್ಟಿದಹಬ್ಬ. ಅವತ್ತು ಮಾಡಿ ಬಡಿಸಬೇಕೆಂದು ಆಸೆ.

ಅವಳು ಹೇಳುವ ಪ್ರಕಾರ ಅದು ಕಡುಗೆಂಪಗೆ ಇರಬೇಕು, ಹುಳಿ ಮುಂದಾಗಿರಬೇಕು, ಸಿಹಿ ಹಿಂದೆ ಇರಬೇಕು, ಮೇಲೆ ಒಂದು ಚಮಚ ಬಿಳಿ ಕೆನೆ ಇರಬೇಕು. ನಮ್ಮಲ್ಲಿ ಬೀಟ್‌ರೂಟ್ ಬೇಯಿಸಿದರೆ ಸಿಹಿಯೇ ಜಾಸ್ತಿ, ಬಹಳ ಕುದಿಸಿದರೆ ಬಣ್ಣವೂ ಹೋಗುತ್ತದೆ. ನಮ್ಮದು ಸಸ್ಯಾಹಾರಿ ಮನೆ. ಮಾಂಸವಿಲ್ಲದೆ ಮಾಡಿದರೆ ಅದು ಬೋರ್ಶ್ ಅನ್ನಿಸಿಕೊಳ್ಳುತ್ತದೆಯೇ? ಹುಳಿಗೆ ಹುಣಸೆ ಹಾಕಬಹುದೇ? ಕುಕ್ಕರಿನಲ್ಲಿ ಕೂಗಿಸಬಹುದೇ? ಮಾಡಿ ಉಂಡವರು ಬಿಡಿಸಿ ಹೇಳಿ.

ಖಾರ್ಕಿವ್‌ನಲ್ಲಿ ಓದಿದವನು, ಈಗ ವಿಜಯಪುರ

ಆಂಟಿ, ಮೊದಲು ಕುಕ್ಕರ್ ಒಳಗಿಡ್ರಿ. ಬೀನ್ಸ್ ಕಾಳು ಬೇಯಿಸಾಕ ಮಾತ್ರ ಅದು ಬೇಕು. ಉಳಿದದ್ದೆಲ್ಲಾ ದೊಡ್ಡ ಸ್ಟೀಲ್ ಪಾತ್ರೆಯೊಳಗ, ಸಣ್ಣ ಉರಿ ಮ್ಯಾಲ.

ನಮ್ಮ ಹಾಸ್ಟೆಲಿನ ಒಂದೊಂದು ಮಹಡಿಗೂ ಒಂದೊಂದು ಅಡುಗೆಮನಿ ಇತ್ತು. ಕಾವಲಿಗಿದ್ದ ಅಜ್ಜಿ ಮಧ್ಯಾಹ್ನ ಅಲ್ಲೇ ಬೋರ್ಶ್ ಇಡ್ತಿದ್ರು, ನಾವು ಸುತ್ತ ನಿಂತು ನೋಡ್ತಿದ್ವಿ. ಅವರ ಕೈಯಾಗ ಅಳತೆ ಇರಲಿಲ್ಲ, ಆದ್ರ ಯಾವುದರ ಹಿಂದ ಯಾವುದು ಅನ್ನೋ ಕ್ರಮ ಒಂದು ದಿನನೂ ತಪ್ಪಲಿಲ್ಲ. ನಾ ಕಲಿತದ್ದು ಆ ಕ್ರಮನ. ಅಳತೆ ನಿಮಗ ಅನುಕೂಲ ಆಗಲಿ ಅಂತ ಬರೀತೀನಿ, ಆರು ಮಂದಿಗೆ ಸಾಕಾಗ್ತದ.

ಬೀಟ್‌ರೂಟ್ 300 ಗ್ರಾಂ, ಎಲೆಕೋಸು 250 ಗ್ರಾಂ, ಆಲೂಗಡ್ಡಿ ಮೂರು, ಗಜ್ಜರಿ ಒಂದು, ಉಳ್ಳಾಗಡ್ಡಿ ಎರಡು, ಟೊಮೆಟೊ ಪೇಸ್ಟ್ ಎರಡು ದೊಡ್ಡ ಚಮಚ, ಬಿಳಿ ರಾಜ್ಮಾ ಅರ್ಧ ಕಪ್, ಬಳ್ಳೊಳ್ಳಿ ಐದಾರು ಎಸಳು, ಕರಿಮೆಣಸು, ಉಪ್ಪು, ಸಬ್ಬಸಗಿ ಒಂದು ಸಣ್ಣ ಸಿವುಡು. ನೀರು ಎರಡು ಲೀಟರ್. ಎಣ್ಣಿ ಸೂರ್ಯಕಾಂತಿದು. ಅಲ್ಲಿನ ಮನಿಗಳಾಗೂ ಅದೇ ಎಣ್ಣಿ, ಹಂಗಾಗಿ ಇದೊಂದಕ್ಕ ನೀವು ಹುಡುಕಾಡೋದು ಬ್ಯಾಡ.

ರಾಜ್ಮಾ ರಾತ್ರಿ ನೆನೆ ಹಾಕಿ, ಆ ನೀರು ಚೆಲ್ಲಿ, ಕುಕ್ಕರಿನಾಗ ಪೂರ್ತಿ ಬೇಯಿಸಿ ಇಟ್ಕೊಳ್ರಿ. ಬೀಟ್‌ರೂಟ್ ತುರಿಯಬ್ಯಾಡ್ರಿ, ಸಣ್ಣ ಉದ್ದುದ್ದ ಕಡ್ಡಿ ಮಾಡ್ರಿ. ತುರಿದ್ರ ಅದು ಕರಗಿ ಸೂಪು ಗೊಜ್ಜಾಗ್ತದ.

ಒಂದು ಬಾಣಲಿಯಾಗ ಎಣ್ಣಿ ಕಾಸಿ ಬೀಟ್‌ರೂಟ್ ಬಾಡಿಸ್ರಿ. ಎರಡು ನಿಮಿಷಕ್ಕ ಒಂದು ದೊಡ್ಡ ಚಮಚ ವಿನಿಗರ್ ಹಾಕ್ರಿ, ಚಿಟಿಕೆ ಸಕ್ಕರಿ, ಆಮ್ಯಾಲ ಟೊಮೆಟೊ ಪೇಸ್ಟ್. ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ, ಕಡ್ಡಿ ಮೆತ್ತಗಾಗೋ ತನಕ ಸಣ್ಣ ಉರಿಯಾಗ ಬಿಡ್ರಿ. ಇಪ್ಪತ್ತು ನಿಮಿಷ ಹಿಡೀತದ. ಇನ್ನೊಂದು ಬಾಣಲಿಯಾಗ ಉಳ್ಳಾಗಡ್ಡಿ, ಗಜ್ಜರಿ ಬಂಗಾರ ಬಣ್ಣ ಬರೋ ಹಂಗ ಹುರೀರಿ.

ಆ ಕಡೆ ದೊಡ್ಡ ಪಾತ್ರೆಯಾಗ ನೀರು ಕುದಿ ಬಂದಾಗ ಆಲೂಗಡ್ಡಿ. ಅದು ಮುಕ್ಕಾಲು ಬೆಂದ ಮ್ಯಾಲ ಎಲೆಕೋಸು, ಹುರಿದ ಉಳ್ಳಾಗಡ್ಡಿ, ಬೆಂದ ರಾಜ್ಮಾ. ಐದು ನಿಮಿಷ ಬಿಟ್ಟು ಬೀಟ್‌ರೂಟ್. ಅದು ಬಿದ್ದ ಮ್ಯಾಲ ಜೋರು ಕುದಿ ಕೊಡಬ್ಯಾಡ್ರಿ, ಏಳೆಂಟು ನಿಮಿಷ ಮೆಲ್ಲಗ ಮಿಡುಕಲಿ. ಕಡೀಕ ಜಜ್ಜಿದ ಬಳ್ಳೊಳ್ಳಿ, ಮೆಣಸು, ಸಬ್ಬಸಗಿ ಹಾಕಿ ಒಲಿ ಆರಿಸಿ ಮುಚ್ಚಿ ಇಡ್ರಿ. ಅರ್ಧ ತಾಸಾದ್ರೂ ಮುಟ್ಟಬ್ಯಾಡ್ರಿ. ಹಿಂದಿನ ದಿನ ಸಂಜಿನ ಮಾಡಿ ತಣ್ಣಗಾದ ಮ್ಯಾಲ ಫ್ರಿಜ್ಜಿನಾಗಿಟ್ರ ಇನ್ನೂ ಚಲೋ. ಅಲ್ಲಿ ಯಾರನ್ನ ಕೇಳಿದ್ರೂ ಮರುದಿನದ ಬೋರ್ಶೇ ರುಚಿ ಅಂತಾರ.

ಆಹಾರ ವಿಜ್ಞಾನ ಓದಿದವಳು, ಮೈಸೂರು

ಮೇಲಿನವರು ಹೇಳಿದ ಕ್ರಮದಲ್ಲಿ ಎರಡು ಸಂಗತಿಗಳು ಅಡಗಿವೆ. ತಿಳಿದುಕೊಂಡರೆ ನೀವು ಧೈರ್ಯವಾಗಿ ಕೈ ಆಡಿಸಬಹುದು.

ಬೀಟ್‌ರೂಟಿನ ಕೆಂಪಿಗೆ ಕಾರಣ ಬೆಟಾನಿನ್ ಎಂಬ ಬಣ್ಣದ ವಸ್ತು. ಅದು ನೀರಿನಲ್ಲಿ ಕರಗುತ್ತದೆ, ಬಹಳ ಹೊತ್ತಿನ ಕಾವು ತಡೆಯುವುದಿಲ್ಲ. ಹುಳಿ ಇದ್ದರೆ ತಾಳುತ್ತದೆ, ಕ್ಷಾರ ಹೆಚ್ಚಾದರೆ ಹಳದಿ, ಕಂದಿಗೆ ತಿರುಗುತ್ತದೆ. ಅದಕ್ಕೇ ಬಾಡಿಸುವಾಗಲೇ ವಿನಿಗರ್ ಹಾಕುವುದು. ನಿಮ್ಮಲ್ಲಿ ಬೋರ್‌ವೆಲ್ ಗಡಸು ನೀರು ಬರುತ್ತಿದ್ದರೆ ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ಗಡಸು ನೀರು ಕುದಿಯುತ್ತ ಕ್ಷಾರದ ಕಡೆಗೆ ಹೋಗುತ್ತದೆ. ಕಬ್ಬಿಣದ ಬಾಣಲೆಯೂ ಬೇಡ, ಕಬ್ಬಿಣದ ಅಂಶ ಆ ಬಣ್ಣವನ್ನು ಕೆಡಿಸುತ್ತದೆ. ರಾಜ್ಮಾ ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸವಿದ್ದರೆ ಈ ಸಲ ಬಿಟ್ಟುಬಿಡಿ.

ಎರಡನೆಯದು, ಹುಳಿ ನೀರಿನಲ್ಲಿ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ, ಕಾಳೂ ಅಷ್ಟೇ. ಹುಣಸೆ ನೀರಿಗೆ ತರಕಾರಿ ಹಾಕಿದರೆ ಬೇಯದೆ ಗಟ್ಟಿಯಾಗಿ ಕೂರುವುದನ್ನು ನೀವು ಸಾಂಬಾರಿನಲ್ಲಿ ನೋಡಿಯೇ ಇರುತ್ತೀರಿ. ಆದ್ದರಿಂದ ಆಲೂಗಡ್ಡೆ ಮೊದಲು, ಹುಳಿ ಹಿಡಿದ ಬೀಟ್‌ರೂಟ್ ಆಮೇಲೆ.

ರಾಜ್ಮಾವನ್ನು ಅರೆಬೆಂದದ್ದು ಹಾಕಿ ಸೂಪಿನಲ್ಲೇ ಬೇಯಲಿ ಎನ್ನಬೇಡಿ. ಸರಿಯಾಗಿ ಕುದಿಯದ ರಾಜ್ಮಾ ಹೊಟ್ಟೆಗೆ ನಿಜವಾಗಿ ಅಪಾಯ.

ಕರಾವಳಿಯಿಂದ

ಹುಳಿಗೆ ಪುನರ್ಪುಳಿ ಹಾಕಬಹುದಲ್ಲ? ಬಣ್ಣವೂ ಕೆಂಪು, ಹುಳಿಯೂ ಇದೆ. ನಾನು ಬೀಟ್‌ರೂಟಿಗೆ ಹಾಗೆಯೇ ಮಾಡುತ್ತೇನೆ, ಜತೆಗೆ ಒಂದು ಚಮಚ ಸಾರಿನ ಪುಡಿ. ಮನೆಯಲ್ಲಿ ಎಲ್ಲರಿಗೂ ಹಿಡಿಸಿದೆ.

ವಿಜಯಪುರದವನೇ ಮತ್ತೆ

ಅಕ್ಕಾರ, ನಿಮ್ಮ ಸಾರು ಖರೇನ ರುಚಿ ಇರ್ತದ, ಅದರೊಳಗ ಎರಡು ಮಾತಿಲ್ಲ. ಆದ್ರ ಈ ತಾಯಿ ಕೇಳಿದ್ದು ಮಗಳು ಉಂಡು ಬಂದ ರುಚಿ. ಹುಣಸಿ, ಪುನರ್ಪುಳಿ, ಸಾರಿನ ಪುಡಿ, ಇಂಗು, ಸಾಸಿವಿ ಒಗ್ಗರಣಿ, ಇದರೊಳಗ ಯಾವುದೊಂದು ಬಿದ್ರೂ ಆ ಹುಡುಗಿಗೆ ಮೊದಲ ಚಮಚಕ್ಕ ಗೊತ್ತಾಗ್ತದ. ಬೋರ್ಶಿನಾಗ ಖಾರದ ಕೆಲಸ ಮಾಡೋದು ಕರಿಮೆಣಸು ಮತ್ತು ಬಳ್ಳೊಳ್ಳಿ, ಪರಿಮಳದ ಕೆಲಸ ಮಾಡೋದು ಸಬ್ಬಸಗಿ. ಮಸಾಲಿ ಇಲ್ಲ ಅಂತ ನಮಗ ಸಪ್ಪಗ ಅನಿಸಬಹುದು, ಆದ್ರೂ ಕೈ ತಡೀರಿ. ಉಪ್ಪು, ಹುಳಿ, ಸಿಹಿ ಮೂರೂ ಒಂದಕ್ಕೊಂದು ತೂಗಿದ್ರ ಸಪ್ಪಗ ಅನ್ಸೋದೇ ಇಲ್ಲ.

ಇನ್ನೊಂದು. ನಮ್ಮ ಪಲಾವ್ ಎಲಿ ಬ್ಯಾರೆ, ಅಲ್ಲಿನ ಎಲಿ ಬ್ಯಾರೆ. ನಮ್ಮದಕ್ಕ ಚಕ್ಕಿ ಲವಂಗದ ವಾಸನಿ ಇರ್ತದ. ಹಾಕೋದಾದ್ರ ಅರ್ಧ ಎಲಿ, ಇಲ್ಲಾಂದ್ರ ಬಿಟ್ಟೇಬಿಡ್ರಿ.

ವಾರ್ಸಾದಲ್ಲಿರುವ ಕನ್ನಡತಿ

ಸಸ್ಯಾಹಾರದ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಟ್ಟಡದಲ್ಲಿ 2022ರಿಂದ ಉಕ್ರೇನಿನ ಕುಟುಂಬಗಳಿವೆ. ಅವರ ಅಡುಗೆಮನೆಯಲ್ಲಿ ನಿಂತು ನೋಡಿದ್ದನ್ನು ಹೇಳುತ್ತೇನೆ.

ಮಾಂಸವಿಲ್ಲದ ಬೋರ್ಶ್ ಅಂದರೆ ಅನಿವಾರ್ಯಕ್ಕೆ ಮಾಡಿಕೊಂಡದ್ದು ಎಂದು ದಯವಿಟ್ಟು ತಿಳಿಯಬೇಡಿ. ದಿನನಿತ್ಯದ ಬೋರ್ಶ್‌ಗೆ ಹಂದಿಯ ಪಕ್ಕೆಲುಬು ಅಥವಾ ದನದ ಮೂಳೆಯ ಸಾರ ಇರುತ್ತದೆ, ಕೊನೆಯಲ್ಲಿ ಹಂದಿಕೊಬ್ಬನ್ನು ಬೆಳ್ಳುಳ್ಳಿ ಜೊತೆ ಜಜ್ಜಿ ಹಾಕುತ್ತಾರೆ, ಅದು ನಿಜ. ಆದರೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಅವರ ಮೇಜಿನ ಮೇಲೆ 12 ಬಗೆ ಇರುತ್ತವೆ, ಒಂದರಲ್ಲೂ ಮಾಂಸವಿರುವುದಿಲ್ಲ. ವರ್ಷದ ಅತಿ ದೊಡ್ಡ ಊಟದ ಬೋರ್ಶೇ ಮಾಂಸವಿಲ್ಲದ್ದು! ಉಪವಾಸದ ದಿನಗಳಲ್ಲೂ ಅದೇ. ಮೊದಲು ಆ ರಾತ್ರಿ ಹೆಚ್ಚಿನವರಿಗೆ ಜನವರಿ 6ಕ್ಕೆ ಬರುತ್ತಿತ್ತು, 2023ರಿಂದ ಡಿಸೆಂಬರ್ 24ಕ್ಕೆ ಬಂದಿದೆ.

ಮಾಂಸದ ಜಾಗದಲ್ಲಿ ಅವರು ಒಣಗಿಸಿದ ಕಾಡು ಅಣಬೆ ನೆನೆಸಿ, ಆ ನೀರಿನಲ್ಲೇ ಬೋರ್ಶ್ ಮಾಡುತ್ತಾರೆ. ಒಳಗೆ ಅಣಬೆಯ ಹೂರಣ ತುಂಬಿದ ಪುಟ್ಟ ಕಡುಬುಗಳು ತೇಲುತ್ತಿರುತ್ತವೆ, ವುಷ್ಕಾ ಅನ್ನುತ್ತಾರೆ. ದಾವಣಗೆರೆಯಲ್ಲಿ ಆ ಅಣಬೆ ಸಿಗುವುದು ಕಷ್ಟ. ನಿಮ್ಮ ಮನೆಯಲ್ಲಿ ಅಣಬೆ ತಿನ್ನುವುದಾದರೆ ಸಾಮಾನ್ಯ ಬಟನ್ ಅಣಬೆಯನ್ನೇ ತೆಳ್ಳಗೆ ಹೆಚ್ಚಿ, ನೀರೆಲ್ಲ ಆರಿ ಅಂಚು ಕಂದಾಗುವವರೆಗೆ ಹುರಿದು, ಎರಡು ಲೀಟರ್ ನೀರು ಹಾಕಿ ಅರ್ಧ ಗಂಟೆ ಕುದಿಸಿ ಸೋಸಿ. ಬರಿ ನೀರಿಗಿಂತ ಎಷ್ಟೋ ಮೇಲು. ಅಣಬೆ ತಿನ್ನದವರಾದರೆ ರಾಜ್ಮಾ ಬೇಯಿಸಿದ ನೀರನ್ನು ಚೆಲ್ಲದೆ ಅದನ್ನೇ ಬಳಸಿ, ನೆನೆಸಿದ ನೀರಲ್ಲ, ಬೇಯಿಸಿದ ನೀರು. ಜೊತೆಗೆ ಎರಡು ಮೂರು ಒಣ ಪ್ರೂನ್ ಹಣ್ಣು. ಇದು ನನ್ನ ಕಲ್ಪನೆಯಲ್ಲ, ಪೋಲ್ತಾವಾ ಕಡೆ ಹೊಗೆಯಲ್ಲಿ ಒಣಗಿಸಿದ ಪ್ಲಮ್, ಮರಸೇಬು ಹಾಕುವ ರೂಢಿ ಇದೆ. ಸೂಪಿಗೆ ಒಂದು ಗಾಂಭೀರ್ಯ ಬರುತ್ತದೆ.

ವೀಡಿಯೊ ನೋಡುವಾಗ ಒಂದು ಎಚ್ಚರ. ಪೋಲೆಂಡಿನವರ ಬಾರ್ಷ್ಚ್ ಕೂಡ ಬೀಟ್‌ರೂಟಿನದೇ, ಆದರೆ ಹಬ್ಬಕ್ಕೆ ಮಾಡುವುದು ತಿಳಿಸಾರಿನ ಹಾಗೆ ಸೋಸಿದ್ದು, ತರಕಾರಿ ಇರುವುದಿಲ್ಲ. ನಿಮ್ಮ ಮಗಳು ಹೇಳುತ್ತಿರುವುದು ಚಮಚ ನೆಟ್ಟಗೆ ನಿಲ್ಲುವಷ್ಟು ತರಕಾರಿ ತುಂಬಿದ್ದು. ಕೆಲವು ಕಡೆ ಇದನ್ನು ರಷ್ಯದ ಸೂಪೆಂದು ಬರೆದಿರುತ್ತಾರೆ. ಹುಟ್ಟಿದಹಬ್ಬದ ದಿನ ಆ ಹೆಸರಿನಿಂದ ಕರೆಯಬೇಡಿ. ಉಕ್ರೇನಿನ ಬೋರ್ಶ್ ಅಡುಗೆಯ ಸಂಸ್ಕೃತಿಯನ್ನು ಯುನೆಸ್ಕೋ 2022ರ ಜುಲೈ 1ರಂದು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಬಾಣಸಿಗ ಯೆವ್ಹೆನ್ ಕ್ಲೊಪೊತೆಂಕೊ ಅದಕ್ಕಾಗಿ ಬಹಳ ಓಡಾಡಿದರು. ಊರು ಬಿಟ್ಟವರಿಗೆ ಬೀಟ್‌ರೂಟ್ ಬೆಳೆಯುವ ಹಿತ್ತಲೂ ಇಲ್ಲ, ಜೊತೆಗೆ ಕೂತು ಉಣ್ಣುವ ಮನೆಮಂದಿಯೂ ಇಲ್ಲ. ನಮ್ಮ ಕಟ್ಟಡದಲ್ಲಿ ಅದನ್ನು ದಿನಾ ನೋಡುತ್ತೇನೆ. ಆ ಸೂಪಿನ ಹೆಸರು ಅವರಿಗೆ ಸಣ್ಣ ವಿಷಯವಲ್ಲ, ಅಲ್ಲಿಂದ ತಪ್ಪಿಸಿಕೊಂಡು ಬಂದ ನಿಮ್ಮ ಮಗಳಿಗೂ ಇರಲಾರದು.

ಹಾಸನದಿಂದ

ಬಿಳಿ ಕೆನೆಯ ಬಗ್ಗೆ ನಾನು ಹೇಳುತ್ತೇನೆ. ಅದು ಸ್ಮೆತಾನಾ, ಹೆಪ್ಪು ಹಾಕಿದ ಕೆನೆ. ಬರೀ ಮೊಸರು ಹಾಕಿದರೆ ಬಿಸಿಗೆ ಒಡೆದು ಚೂರುಚೂರಾಗುತ್ತದೆ. ಅಂಗಡಿಯ ಫ್ರೆಶ್ ಕ್ರೀಮ್ ಒಂದು ಪೊಟ್ಟಣ ತಂದು ಉಗುರುಬೆಚ್ಚಗೆ ಮಾಡಿ, ಒಂದು ದೊಡ್ಡ ಚಮಚ ಗಟ್ಟಿ ಮೊಸರು ಕಲಸಿ ರಾತ್ರಿ ಮುಚ್ಚಿಡಿ. ಬೆಳಗ್ಗೆ ಹೆಪ್ಪಾಗಿರುತ್ತದೆ, ಫ್ರಿಜ್ಜಿಗೆ ಸೇರಿಸಿ. ಕೊಬ್ಬು ಹೆಚ್ಚಿರುವುದರಿಂದ ಒಡೆಯುವುದಿಲ್ಲ. ಪಾತ್ರೆಗೆ ಹಾಕಬಾರದು, ಬಟ್ಟಲಿಗೆ ಬಡಿಸಿದ ಮೇಲೆಯೇ ಹಾಕಬೇಕು.

ಸಬ್ಬಸಿಗೆ ನಮ್ಮಲ್ಲಿ ಸಂತೆ ತುಂಬ ಸಿಗುತ್ತದೆ, ಅದೊಂದು ಭಾಗ್ಯ. ಆದರೆ ನಾವು ಪಲ್ಯಕ್ಕೆ, ಅಕ್ಕಿ ರೊಟ್ಟಿಗೆ ಬಳಸುವಂತೆ ಕಡ್ಡಿ ಸಮೇತ ಬೇಯಿಸಬೇಡಿ. ಎಳೆ ತುದಿಗಳನ್ನಷ್ಟೇ ಸಣ್ಣಗೆ ಹೆಚ್ಚಿ, ಒಲೆ ಆರಿಸುವಾಗ ಅರ್ಧ, ಬಡಿಸುವಾಗ ಅರ್ಧ.

ಬೀಟ್‌ರೂಟ್ ಸೊಪ್ಪಿನ ಸಮೇತ ಸಿಕ್ಕರೆ ಸೊಪ್ಪನ್ನೂ ಹಾಕಿ. ಎಳೆ ಬೀಟ್‌ರೂಟಿನ ಕಾಲದಲ್ಲಿ ಅವರು ಹಾಗೆಯೇ ಮಾಡುತ್ತಾರಂತೆ.

ಕೆನಡಾದ ಎಡ್ಮಂಟನ್‌ನಿಂದ

ಇಲ್ಲಿ ತಲೆಮಾರುಗಳ ಹಿಂದೆ ಬಂದು ನೆಲೆಸಿದ ಉಕ್ರೇನಿಯನ್ನರು ಬಹಳ. ಹುಟ್ಟಿದಹಬ್ಬಕ್ಕೆ ಇನ್ನೂ ಒಂದು ವಾರ ಇದೆ ಅಂದಿರಿ, ಹಾಗಿದ್ದರೆ ವಿನಿಗರ್‌ಗಿಂತ ಹಳೆಯ ಹುಳಿಯನ್ನೇ ಮಾಡಿಕೊಳ್ಳಬಹುದು. ಅದು ಬೀಟ್‌ರೂಟ್ ಕ್ವಾಸ್, ಟೊಮೆಟೊ ಆ ನೆಲಕ್ಕೆ ಬರುವ ಮೊದಲಿನ ಹುಳಿ.

ಎರಡು ಬೀಟ್‌ರೂಟ್ ಸಿಪ್ಪೆ ತೆಗೆದು ದೊಡ್ಡ ಹೋಳು ಮಾಡಿ ಶುಭ್ರವಾದ ಗಾಜಿನ ಜಾಡಿಗೆ ಹಾಕಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 20 ಗ್ರಾಂ ಉಪ್ಪು ಕರಗಿಸಿ ಹೋಳು ಮುಳುಗುವಂತೆ ಸುರಿಯಿರಿ. ಬಾಯಿಗೆ ಬಟ್ಟೆ ಕಟ್ಟಿ ಬಿಸಿಲು ಬೀಳದ ಕಡೆ ಇಡಿ. ಹೋಳು ಮೇಲೆ ತೇಲಿದರೆ ಶುಭ್ರ ಚಮಚದಿಂದ ದಿನಾ ಅದುಮಿ, ನೊರೆ ತೆಗೆಯಿರಿ. ಇಲ್ಲಿನ ಚಳಿಯಲ್ಲಿ ವಾರ ಬೇಕು, ನಿಮ್ಮ ಸೆಕೆಗೆ ಮೂರು ನಾಲ್ಕು ದಿನ ಸಾಕು. ಸೊಗಸಾದ ಹುಳಿ ವಾಸನೆ ಬಂದರೆ ಸರಿ. ಬಣ್ಣಬಣ್ಣದ ಬೂಷ್ಟು ಕಂಡರೆ ಪೂರ್ತಿ ಚೆಲ್ಲಿಬಿಡಿ, ಮೇಲೆ ಮೇಲೆ ತೆಗೆದು ಉಳಿಸಿಕೊಳ್ಳಲು ಹೋಗಬೇಡಿ.

ಅದನ್ನು ಬೋರ್ಶ್‌ಗೆ ಕೊನೆಯಲ್ಲಿ, ಬೆಳ್ಳುಳ್ಳಿಯ ಸ್ವಲ್ಪ ಮುಂಚೆ, ಒಂದು ಲೋಟ ಹಾಕಿ ಒಂದೇ ಕುದಿ ಬರಿಸಿ. ಬೆಂದ ಬೀಟ್‌ರೂಟಿನ ಬಣ್ಣ ಮಾಸಿದ್ದರೂ ಇದು ಹೊಸದಾಗಿ ಕೆಂಪೇರಿಸುತ್ತದೆ. ಕ್ವಾಸಿನಲ್ಲಿ ಉಪ್ಪಿರುತ್ತದೆ, ಪಾತ್ರೆಗೆ ಉಪ್ಪು ಆಮೇಲೆ ನೋಡಿ ಹಾಕಿ.

ಕೇಳಿದವರು

ಎಲ್ಲರಿಗೂ ಕೈ ಮುಗಿದು ವಂದನೆ. ಇವತ್ತೇ ಕ್ವಾಸ್‌ಗೆ ಜಾಡಿ ತೊಳೆದಿಟ್ಟೆ. ಅಣಬೆ ನಮ್ಮಲ್ಲಿ ತಿನ್ನುವುದಿಲ್ಲ, ರಾಜ್ಮಾ ಬೇಯಿಸಿದ ನೀರು ಮತ್ತು ಪ್ರೂನ್ ಹಾಕುತ್ತೇನೆ. ಹಿಂದಿನ ದಿನವೇ ಮಾಡಿಡುತ್ತೇನೆ. ಇನ್ನೊಂದೇ ಪ್ರಶ್ನೆ. ಜೊತೆಗೆ ಬೆಳ್ಳುಳ್ಳಿ ಹಚ್ಚಿದ ಪುಟ್ಟ ಬನ್ ಇರುತ್ತಿತ್ತು ಅನ್ನುತ್ತಾಳೆ, ಅದು ಮನೆಯಲ್ಲಿ ಆಗುತ್ತದೆಯೇ?

ವಿಜಯಪುರದವನು

ಪಾಂಪುಷ್ಕಿ! ಅದಿಲ್ಲದಿದ್ರ ಊಟ ಅರ್ಧ ಆದಂಗ ಆಂಟಿ. ಮೈದಾ 300 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಒಂದು ಸಣ್ಣ ಚಮಚ, ಸಕ್ಕರಿ ಒಂದು ಸಣ್ಣ ಚಮಚ, ಉಪ್ಪು, ಎರಡು ದೊಡ್ಡ ಚಮಚ ಎಣ್ಣಿ, ಬೆಚ್ಚನೆ ನೀರು 180 ಮಿಲೀ ಆಸುಪಾಸು. ಚೆನ್ನಾಗಿ ನಾದಿ ಒಂದು ತಾಸು ಮುಚ್ಚಿಡ್ರಿ. ಹಿಟ್ಟು ಎರಡರಷ್ಟಾದ ಮ್ಯಾಲ ನಿಂಬಿಹಣ್ಣಿಗಿಂತ ತುಸು ದೊಡ್ಡ ಉಂಡಿ ಮಾಡಿ ಒಂದಕ್ಕೊಂದು ತಾಗೋ ಹಂಗ ತಟ್ಟಿಯಾಗ ಜೋಡಿಸ್ರಿ. ಇನ್ನರ್ಧ ತಾಸು ಬಿಟ್ಟು 190 ಡಿಗ್ರಿ ಓವೆನ್‌ನಾಗ ಇಪ್ಪತ್ತು ನಿಮಿಷ.

ಹೊರಗ ತೆಗೆದ ಕೂಡಲೇ ಹಚ್ಚಬೇಕು, ಆರಿದ ಮ್ಯಾಲ ಅಲ್ಲ. ಹಸಿ ಬಳ್ಳೊಳ್ಳಿ ಉಪ್ಪಿನ ಜೋಡಿ ಕುಟ್ಟಿ, ಸೂರ್ಯಕಾಂತಿ ಎಣ್ಣಿ, ಒಂದೆರಡು ಚಮಚ ನೀರು, ಹೆಚ್ಚಿದ ಸಬ್ಬಸಗಿ ಕಲಸ್ಕೊಳ್ರಿ. ಓವೆನ್ ಇಲ್ಲಾಂದ್ರ ಬೇಕರಿಯಿಂದ ಸಿಹಿ ಇಲ್ಲದ ಪಾವ್ ತಂದು, ತವಾ ಮ್ಯಾಲ ಮುಚ್ಚಿ ಬಿಸಿ ಮಾಡಿ ಇದನ್ನೇ ಹಚ್ರಿ. ಹಾಸ್ಟೆಲಿನಾಗ ನಾವೂ ಅಂಗಡಿ ಬ್ರೆಡ್ಡಿಗೆ ಹಚ್ಕೊಂಡು ತಿಂದವರೇ.