ಕೆಂಪು ಪೆನ್ನು ಎತ್ತಿಕೊಳ್ಳಬೇಕಾ, ಬೇಡ್ವಾ?

ಡೊಂಬಿವಲಿ ಅಕ್ಕ:
ಇಲ್ಲಿ ಮುಂಬೈ ಕಡೆ, ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಹನ್ನೊಂದು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಎಲ್ಲರೂ ಶಾಲೆಯಲ್ಲಿ ಇಂಗ್ಲಿಷ್, ಮರಾಠಿ ಓದುವವರು. ‘ನನ್ನ ಅಪ್ಪ’ ಅಂತ ಬರೆಯೋಕೆ ಹೇಳಿದೆ. ಹತ್ತು ಮಕ್ಕಳು ‘ನನ್ನ ಅಪ್ಪ ತುಂಬಾ ಒಳ್ಳೆಯವರು, ಅವರೆಂದರೆ ನನಗೆ ತುಂಬಾ ಇಷ್ಟ’ ಅಂತ ಬರೆದರು. ಒಂದೂ ತಪ್ಪಿಲ್ಲ. ಒಬ್ಬ ಹುಡುಗ ಮಾತ್ರ ಹೀಗೆ ಬರೆದ: ‘ಅಪ್ಪ ಲೋಕಲ್‌ನಲ್ಲಿ ನಾಲ್ಕನೇ ಸೀಟಿನಲ್ಲಿ ಅರ್ದ ಕೂತು ಬರುತ್ತಾರೆ. ಅದಕ್ಕೆ ಒಂದೇ ಕಡೆ ಸೋಂಟ ನೋವು.’
(ಲೋಕಲ್ ರೈಲಿನಲ್ಲಿ ಮೂವರ ಸೀಟಿನ ತುದಿಯಲ್ಲಿ ಒತ್ತಿಕೊಂಡು ಕೂರುವ ಜಾಗಕ್ಕೆ ನಾಲ್ಕನೇ ಸೀಟು ಅಂತಾರೆ.)
ಎರಡು ತಪ್ಪಿಗೂ ಕೆಂಪು ಸುತ್ತು ಹಾಕಿದೆ. ಅವನ ಮುಖ ಸಪ್ಪಗಾಯಿತು. ನಾನು ಮಾಡಿದ್ದು ಸರೀನಾ?

ಮುಲುಂಡ್ ರಾಯರು:
ಸರಿಯೇ ಮಾಡಿದ್ದೀರಿ. ನನ್ನ ಮೊಮ್ಮಗಳು ‘ಅಜ್ಜನ ಗದ್ದೆಯಲ್ಲಿ ಒಳ್ಳೆ ಬೇಳೆ ಬಂದಿದೆ’ ಅಂತ ಬರೆದಿದ್ದಳು. ಗದ್ದೆಯಲ್ಲೇ ಸಾರು ಕುದಿಸೋಣ ಅಂದೆ! ಈಗ ತಿದ್ದದಿದ್ದರೆ ಇನ್ನು ಯಾವಾಗ? ಮಹಾರಾಷ್ಟ್ರದ ಶಾಲಾ ಪುಸ್ತಕ ಮಾಡುವ ಬಾಲಭಾರತಿಯ ಕನ್ನಡ ಪುಸ್ತಕ ತರಿಸಿ, ದಿನಕ್ಕೊಂದು ಪುಟ ಕಾಪಿ ಬರೆಸಿ.

ಕೋಥ್ರೂಡ್ ಸೊಸೆ:
ರಾಯರೇ, ಮೊಮ್ಮಗಳನ್ನು ಬೈಯಬೇಡಿ. ಮರಾಠಿ ಬರೆಯುವಾಗ ನಮ್ಮ ಹಾಗೆ ಎ–ಏ, ಒ–ಓ ಅಂತ ಎರಡೆರಡು ಅಕ್ಷರ ಇಲ್ಲ, ಒಂದೊಂದೇ. ಆ ಅಭ್ಯಾಸದಲ್ಲಿ ಬೆಳೆ ಬೇಳೆಯಾಗುತ್ತದೆ, ಸೊಂಟ ಸೋಂಟವಾಗುತ್ತದೆ. ಬಾಯಲ್ಲಿ ಮಾತ್ರ ಸರಿಯಾಗೇ ಹೇಳುತ್ತಾರೆ. ಹಾಗಾಗಿ ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ‘ಸೋಂಟ’ ಅಂತ ಎಳೆದು ಓದಿದ ಕೂಡಲೇ ಅವನೇ ನಕ್ಕು ತಿದ್ದುತ್ತಾನೆ.
‘ಅರ್ದ’ವನ್ನು ಮಾತ್ರ ಮರಾಠಿಯ ತಲೆಗೆ ಕಟ್ಟಬೇಡಿ. ಅಲ್ಲಿ ‘ಅರ್ಧಾ’ ಅಂತಲೇ ಇದೆ. ಅದು ನಮ್ಮ ಮನೆ ಮಾತಿನದ್ದೇ ಕಾಣಿಕೆ :)

ಮುಲುಂಡ್ ರಾಯರು:
ಓದಿಸೋದು ಒಳ್ಳೇದೇ. ಆದರೆ ಪರೀಕ್ಷೆಯಲ್ಲಿ ಯಾರೂ ಪಕ್ಕ ಕೂತು ಓದಿಸಲ್ಲ. ಅಲ್ಲಿ ಮಾರ್ಕ್ಸ್ ಹೋಗುತ್ತೆ, ಅಷ್ಟೇ.

ಹೋಟೆಲಿನವ, ಫೋರ್ಟ್:
ನಾನು ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತವ. ಕಾಪಿ ಬರೆದೂ ಬರೆದೂ ಅಕ್ಷರ ದುಂಡಗಾಯಿತು. ಬರೆಯೋಕೆ ಬಂದದ್ದು ಇನ್‌ಲ್ಯಾಂಡ್ ಲೆಟರಿನಿಂದ. ಮಾಸ್ಟ್ರು ಊರಿಗೆ ಕಾಗದ ಬರೆಸುತ್ತಿದ್ದರು. ‘ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಅಂತ ಶುರು ಮಾಡಿದರೆ ಬೆರಳಿಟ್ಟು ತೋರಿಸುವರು: ‘ಇಷ್ಟು ಜಾಗ ಹೋಯ್ತು. ನಿನ್ನ ಸುದ್ದಿ ಎಲ್ಲಿ ಮಾರಾಯಾ?’ ಆಮೇಲೆ ನಾನು ಬರೆದೆ, ಬಿಸಿನೀರಿಗೆ ಕೈ ಸುಲಿದದ್ದು, ಮಲಗುವ ಜಾಗಕ್ಕೆ ಜಗಳ ಆದದ್ದು. ಅಮ್ಮ ಅದನ್ನು ಪಕ್ಕದ ಮನೆಯವರಿಂದ ಎರಡು ಸಲ ಓದಿಸಿದ್ದರಂತೆ. ತಪ್ಪುಗಳು ಬೇಕಾದಷ್ಟು ಇದ್ದವು. ಮಾಸ್ಟ್ರು ಅವನ್ನು ತಿದ್ದಿದ್ದು ಕೊನೆಗೆ, ಅಂಚೆಗೆ ಹಾಕುವ ಮೊದಲು.
ಅಕ್ಕ, ನಿಮ್ಮ ಕೆಂಪು ಪೆನ್ನು ಆ ಹತ್ತು ಮಕ್ಕಳಿಗೆ ಬೇಕಿತ್ತು. ‘ತುಂಬಾ ಒಳ್ಳೆಯವರು’ ಅಂದರೆ ಏನು ಮಾಡ್ತಾರೆ ಅಂತ ಕೇಳಬಹುದಿತ್ತಲ್ವಾ?

ಮುಲುಂಡ್ ರಾಯರು:
ಕೇಳಲಿ. ಕೊನೆಗೆ ತಿದ್ದಿದ್ದರು ಅಂತ ನೀವೇ ಹೇಳಿದಿರಿ, ಅದನ್ನು ಮರೆಯಬೇಡಿ.

ಡೊಂಬಿವಲಿ ಅಕ್ಕ:
ಇವತ್ತು ಕ್ಲಾಸ್ ಆಯಿತು. ಹತ್ತು ಮಕ್ಕಳಿಗೂ ಆ ಪ್ರಶ್ನೆ ಕೇಳಿದೆ, ಅರ್ಧ ಗಂಟೆ ಪೆನ್ಸಿಲ್ ಕಚ್ಚಿಕೊಂಡು ಕೂತರು. ಆ ಹುಡುಗನ ಹತ್ತಿರ ಗಟ್ಟಿಯಾಗಿ ಓದಿಸಿದೆ. ‘ಸೊಂಟ’ ತಾನೇ ತಿದ್ದಿಕೊಂಡ. ‘ಅರ್ದ’ ಹಾಗೇ ಉಳಿಯಿತು. ಕೇಳದೇನೇ ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ಅಮ್ಮ ಎಣ್ಣೆ ಹಚ್ಚುವಾಗ ಯಾವ ಕಡೆ ಅಂತ ಕೇಳುವುದಿಲ್ಲ.’